ಒತ್ತಿ

ನನಗಾಗ ನೆಗಡಿ.
ಕಿಸುಮುವಿನ ಕೊಂಡೆಲೆಯಲ್ಲಿ, ಟೈರಿನಂಗಡಿಯ ಮೇಲೆ,
ಕಾನೂನು ನೆರವಿನ ಒಂದೇ ಒಂದು ಕೋಣೆ.
ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ,
ಕಂಬಳಿ ಹೊದ್ದು ಕಪಾಟಿನೊಳಗೆ ಕೂತು
ಮೊಬೈಲಿಗೆ ಓದಿದೆ, ಲುವೋ ಭಾಷೆಯಲ್ಲಿ:
ಜಮೀನಿನ ತಕರಾರಾದರೆ ಒಂದನ್ನು ಒತ್ತಿ.
ಬಾಡಿಗೆ ಮನೆಯಿಂದ ಹೊರಹಾಕಿದ್ದರೆ ಎರಡನ್ನು ಒತ್ತಿ.
ಮತ್ತೆ ಕೇಳಬೇಕಿದ್ದರೆ ಸೊನ್ನೆ.

ಮೂರನೇ ವರ್ಷದ ಲಾ ಓದುವ ಐದು ಜನ ನಾವು.
ಸಂಬಳವಿಲ್ಲ; ಚಹಾ ಉಂಟು, ಮಂದಾಜಿ ಉಂಟು,
ನಲವತ್ತು ಗಂಟೆ ದುಡಿದರೆ
ಸಹಿ ಹಾಕಿದ ಒಂದು ಹಾಳೆ.
ಒಕುಮು ಬಿಳಿ ಹಲಗೆಯ ತುಂಬ ಪ್ರಶ್ನೆಗಳ ಮರ ಬರೆದ:
ಹೌದೆಂದರೆ ಈ ಕೊಂಬೆ, ಇಲ್ಲವೆಂದರೆ ಆ ಕೊಂಬೆ,
ಗೊತ್ತಿಲ್ಲವೆಂದರೆ ಕೊಂಬೆಯಿಲ್ಲ.
ಜೆಬೆಟ್‌ಗೆ ಲುವೋ ಬಾರದು. ಅವಳು ಕೋಡು ಬರೆದಳು,
ನಮಗೆಲ್ಲ ಕೋಡು ಮೂಡಿತು.
ನಾನು ಪಾಠದ ಮಾತುಗಳನ್ನು
ಅಡುಗೆಮನೆಯ ಮಾತಿಗೆ ಇಳಿಸುತ್ತಾ ಕೂತೆ.
ಪ್ರತಿವಾದಿ ಎಂದರೆ ಜಗಳದ ಆಚೆ ಬದಿಯವ.
ಉತ್ತರಾಧಿಕಾರಕ್ಕೆ ಮೂರು ದಿನ ಹಿಡಿಯಿತು.

ಸೋಮವಾರ, ಕರೆಗಳ ಪಟ್ಟಿ ನೋಡುವ ಸರದಿ ನನ್ನದು.
ಬಂದದ್ದು ನೂರಾ ಹದಿನೇಳು.
ಮುಗಿದವು ಹಸಿರು, ಮುರಿದವು ಕೆಂಪು.
ಕೆಂಪಿನಲ್ಲೊಂದು: ಹನ್ನೊಂದು ನಿಮಿಷ.
ಒತ್ತಿದ ಅಂಕಿ: ಇಲ್ಲ.
ಫಲಿತಾಂಶ: ವಿಫಲ.

ಅಳಿಸುವ ಮುನ್ನ ಕಿವಿಗೆ ಹಚ್ಚಿದೆ.

ಮೊದಲು ಕೋಳಿ ಕೂಗಿತು. ಆಮೇಲೆ ಉಸಿರು. ಆಮೇಲೆ
'ಇದ್ದೀಯೇನೇ ಮಗಳೇ?' ಒಂದು ಮುದಿ ದನಿ.
'ಒಂದನ್ನು ಒತ್ತಿ' ಎಂದೆ ನಾನು,
ಕಪಾಟಿನೊಳಗಿನ ನಾನು.

'ನಾನೇನು ಒತ್ತಲಿ? ಒತ್ತಿದವನು ನನ್ನ ಮೈದುನ.
ವರುಷಕ್ಕೊಂದು ಗೇಣು, ಕಳ್ಳಿ ಬೇಲಿ ಕಿತ್ತು ನೆಟ್ಟು, ಕಿತ್ತು ನೆಟ್ಟು,
ಒತ್ತಿಕೊಂಡೇ ಬಂದ, ನನ್ನ ಗಂಡನ ಗೋರಿಯ ತನಕ.
ಈಗ ಅವರ ತಲೆ ನನ್ನ ಹೊಲದಲ್ಲಿದೆ,
ಕಾಲು ಅವನ ಹೊಲದಲ್ಲಿ.'

'ಮತ್ತೆ ಕೇಳಬೇಕಿದ್ದರೆ ಸೊನ್ನೆ.'

'ಕೇಳಿಸಲಿಲ್ಲವೇ? ಸರಿ, ಮತ್ತೆ ಹೇಳುತ್ತೇನೆ.'

ಹೇಳಿದಳು. ಮೊದಲಿನಿಂದ.
ಹಗ್ಗ ಹಿಡಿದು ಅಳೆದವರ ಹೆಸರು ಹೇಳಿದಳು,
ಅವರಲ್ಲಿ ಸತ್ತವರೆಷ್ಟು, ಸುಳ್ಳಾಡುವವರೆಷ್ಟು,
ಹೊಳೆ ಉಕ್ಕಿದ ವರುಷ ಕೊಚ್ಚಿಹೋದ ಗುರುತಿನ ಕಲ್ಲು,
ಅದರ ಬಣ್ಣ, ಅದರ ಮೇಲೆ ಕೂರುತ್ತಿದ್ದ ಆಡು.
ನಡುನಡುವೆ ನಾನು ಒತ್ತಿ ಒತ್ತಿ ಎನ್ನುತ್ತಲೇ ಇದ್ದೆ,
ಅವಳು ಹೂಂ ಹೂಂ ಎಂದು ನನ್ನನ್ನು ದಾಟುತ್ತಿದ್ದಳು,
ಮಾತಿಗೆ ಅಡ್ಡ ಬರುವ ಮಗುವನ್ನು ದಾಟುವ ಹಾಗೆ.

ಹನ್ನೊಂದನೆಯ ನಿಮಿಷದಲ್ಲಿ:
'ನಿನಗೆ ಮೂಗು ಕಟ್ಟಿದೆ. ಸಂಜೆ ಸರೋವರದ ಗಾಳಿಗೆ ಹೋಗಬೇಡ.
ಶುಂಠಿ ಜಜ್ಜಿ—'
ಇಷ್ಟೇ ಕಾಯಬೇಕೆಂದು
ಯಂತ್ರಕ್ಕೆ ಕಲಿಸಿದ್ದವರು ನಾವೇ.

ಒಕುಮು ಅಂದ, ಏನೂ ಒತ್ತದಿದ್ದರೆ
ಎರಡೇ ನಿಮಿಷಕ್ಕೆ ಕತ್ತರಿಸೋಣ, ದುಡ್ಡು ಉಳಿಯುತ್ತದೆ.
ಜೆಬೆಟ್ ಅಂದಳು, ಮೊದಲು ಏನಂದಳು ಹೇಳು.
ಆ ಹನ್ನೊಂದು ನಿಮಿಷ ಹೇಳಿ ಮುಗಿಸಲು
ನನಗೆ ಮಧ್ಯಾಹ್ನವಾಯಿತು.
ಆ ಹೊತ್ತು ಯಾವ ಹಾಳೆಯಲ್ಲೂ ಬರೆದಿಲ್ಲ.
ಒಕುಮು ಒರೆಸುಬಟ್ಟೆ ಹಿಡಿದು ತನ್ನ ಮರದ ಮುಂದೆ ನಿಂತ,
ಎಲ್ಲಿಂದ ಒರೆಸಬೇಕೋ ತಿಳಿಯದೆ.

ಗುರುವಾರ ಆ ನಂಬರಿಗೆ ನಾನೇ ಕರೆ ಮಾಡಿದೆ.
ಅಷ್ಟರಲ್ಲಿ ನೆಗಡಿ ಬಿಟ್ಟಿತ್ತು.
ಅದೇ ಕೋಳಿ. ಅದೇ ಉಸಿರು. ನನ್ನ ಹೆಸರು ಹೇಳಿದೆ, ಅಪೊಂಡಿ,
ಕಾಲೇಜು ಹೇಳಿದೆ, ಕಲಮು ಹೇಳಿದೆ,
ಇನ್ನೂ ವಕೀಲೆಯಲ್ಲ ಎಂಬುದನ್ನೂ ನಿಯಮದಂತೆ ಹೇಳಿದೆ.

'ನೀನಲ್ಲಮ್ಮ' ಎಂದಳು ಮುದುಕಿ.
'ಆ ಇನ್ನೊಬ್ಬಳಿದ್ದಾಳಲ್ಲ, ನೆಗಡಿಯವಳು,
ಅವಳನ್ನು ಕರೆ.
ಅವಳಿಗೆ ಎಲ್ಲ ಗೊತ್ತಿದೆ.'

ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದಂತೆ.
ಎರಡು ಬೆರಳಲ್ಲಿ ಮೂಗು ಒತ್ತಿಕೊಂಡು
'ಇದ್ದೇನೆ ಅಜ್ಜಿ' ಎಂದೆ.